ಕೆಳಗೆ ಇದ್ದವರನ್ನು ಯಾರು ಕೇಳಿದರು?

ಈ ಸಲದ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಾಗ ನೀವೂ ಗಮನಿಸಿರಬೇಕು. ಮೆಕ್ಯಾನಿಕಲ್ ಇರಲಿ, ಇ ಆಂಡ್ ಸಿ ಇರಲಿ, ಕಂಪ್ಯೂಟರ್ ಸೈನ್ಸ್ ಇರಲಿ, ಪ್ರತಿ ಬ್ರಾಂಚಿನಲ್ಲೂ ಒಂದಾದರೂ ಟೀಮು 'ಕೃಷಿ ಡ್ರೋನ್' ಅಂತ ಹೆಸರು ಕೊಟ್ಟಿದೆ. ಹತ್ತು ಲೀಟರ್ ಟ್ಯಾಂಕು, ನಾಲ್ಕು ನಾಝಲ್, ಆರು ಮೋಟರ್. ಬೆಳೆಯ ಮೇಲೆ ಹಾರಿ ಔಷಧ ಸಿಂಪಡಿಸೋದು ಕೆಲಸ. ಟೆಸ್ಟಿಂಗ್ ಜಾಗ ಯಾವುದು ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಖಾನಾಪುರ ತಾಲೂಕಿನ ಯಾವುದೋ ಸಂಬಂಧಿಕರ ಗದ್ದೆ. ನಾನೂ ಅಂಥದೇ ಒಂದು ಟೀಮಿನವ, ಗದ್ದೆ ನಮ್ಮ ಕಾಕಾಂದು.

ಹಾಗಾಗಿ ಇದು ಡ್ರೋನ್ ವಿರುದ್ಧದ ಲೇಖನ ಅಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ತಲೆ ಮೀರಿ ಬೆಳೆದ ಕಬ್ಬಿನೊಳಗೆ ಹೊಕ್ಕು ಎಣ್ಣಿ ಹೊಡೆದು ಬಂದವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಆ ದಿನ ಸಂಜೆ ಅವರಿಗೆ ಊಟ ಸೇರೋದಿಲ್ಲ. ಆ ಪಂಪು ಬೆನ್ನಿಂದ ಇಳಿದರೆ ಒಳ್ಳೇದೇ. ಸರ್ಕಾರವೂ ಅದನ್ನೇ ಹೇಳುತ್ತಿದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್‌ನಿಂದ ಕೀಟನಾಶಕ ಸಿಂಪಡಿಸೋದಕ್ಕೆ ನಿಯಮಾವಳಿ ಹೊರಡಿಸಿತು. 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಗೆ 1,261 ಕೋಟಿ ರೂಪಾಯಿ ಮಂಜೂರಾಯಿತು. ನಾವು ಮಾಡದಿದ್ದರೂ ಇದು ಬರುತ್ತೆ.

ನನ್ನ ತಕರಾರು ಬೇರೆ. ಲಿಟರೇಚರ್ ಸರ್ವೇಗೆ ಅಂತ ನಾವು ಓದಿದ ಪೇಪರ್‌ಗಳಲ್ಲಿ ಬ್ಯಾಟರಿ ಇದೆ, ಹನಿಯ ಗಾತ್ರ ಇದೆ, ಎಕರೆಗೆ ಎಷ್ಟು ನಿಮಿಷ ಅನ್ನೋದಿದೆ. ಮೇಲಿಂದ ಸಿಂಪಡಿಸುವಾಗ ಕೆಳಗೆ ಬದುಕಿದ್ದ ಒಬ್ಬ ಮನುಷ್ಯನ ಒಂದು ಮಾತೂ ಇಲ್ಲ. 'ಕೆಳಗೆ' ಅಂದ್ರೆ ಆ ಪೇಪರ್‌ಗಳಲ್ಲಿ ಬೆಳೆ ಮಾತ್ರ. ಹಾಗಾದ್ರೆ ಕೆಳಗೆ ಇದ್ದವರ ಮಾತು ಎಲ್ಲಿದೆ ಅಂತ ಹುಡುಕುತ್ತಾ ಹೋದೆ. ಎರಡು ಕಡೆ ಸಿಕ್ಕಿತು. ಒಂದು, ನಮ್ಮದೇ ಕನ್ನಡ-ತುಳು ಮಾತಾಡುವ ಕಾಸರಗೋಡಿನ ಹಳ್ಳಿಗಳು. ಇನ್ನೊಂದು, ಇರಾಕಿನ ಕುರ್ದ್ ಜನರ ಊರುಗಳು. ಒಂದರ ಮೇಲೆ ಬಿದ್ದದ್ದು ಕೀಟನಾಶಕ, ಇನ್ನೊಂದರ ಮೇಲೆ ಬಿದ್ದದ್ದು ಯುದ್ಧದ ವಿಷ. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಅನಿಸಿದ್ದು ಒಂದೇ. ಬದುಕುಳಿದವರ ಮಾತನ್ನು 'ಅದು ಕಥೆ, ಡೇಟಾ ಅಲ್ಲ' ಅಂತ ಪಕ್ಕಕ್ಕಿಡುವ ನಮ್ಮ ಎಂಜಿನಿಯರಿಂಗ್ ಅಭ್ಯಾಸ ಬರೀ ಕಲ್ಲೆದೆ ಅಲ್ಲ, ಕೆಟ್ಟ ವಿಜ್ಞಾನ ಕೂಡ.

ಮೊದಲು ಕುರ್ದರ ವಿಷಯ. ಇರಾಕ್ ನಮಗೆ ಬಲು ದೂರ ಅನ್ನೋರಿಗೆ ಒಂದು ಮಾತು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಶರ್ಕತ್ ಯುದ್ಧ ಸ್ಮಾರಕ ಇದೆ. ಶರ್ಕತ್ ಅನ್ನೋದು ಟೈಗ್ರಿಸ್ ನದಿ ದಂಡೆಯ ಊರು, ಈಗಿನ ಉತ್ತರ ಇರಾಕಿನಲ್ಲಿದೆ. 1918ರ ಅಕ್ಟೋಬರ್ ಕೊನೆಗೆ ಮರಾಠಾ ಪಲ್ಟಣಿನವರು ಅಲ್ಲಿ ಕಾದಾಡಿದ್ದರು. ಆ ಸೀಮೆಯಿಂದ ಪೂರ್ವಕ್ಕೆ, ಇರಾನ್ ಗಡಿಯ ಬೆಟ್ಟಗಳ ಕಡೆ ಹೋದರೆ ಹಲಬ್ಜಾ ಸಿಗುತ್ತದೆ.

1988. ಇರಾನ್-ಇರಾಕ್ ಯುದ್ಧಕ್ಕೆ ಎಂಟನೇ ವರ್ಷ. ಮಾರ್ಚ್ ನಡುವಿಗೆ ಇರಾನಿನ ಪಡೆಗಳೂ ಕುರ್ದ್ ಹೋರಾಟಗಾರರಾದ ಪೆಶ್ಮೆರ್ಗಾಗಳೂ ಸೇರಿ ಹಲಬ್ಜಾವನ್ನು ವಶಪಡಿಸಿಕೊಂಡಿದ್ದರು. ಮಾರ್ಚ್ 16, ಬುಧವಾರ, ಇರಾಕಿನದೇ ವಿಮಾನಗಳು ಇರಾಕಿನದೇ ಊರಿನ ಮೇಲೆ ಬಂದವು. ಮೊದಲು ಬಿದ್ದದ್ದು ಮಾಮೂಲಿ ಬಾಂಬು. ಕಿಟಕಿ ಗಾಜುಗಳೆಲ್ಲ ಒಡೆದವು. ಜನ ನೆಲಮಾಳಿಗೆಗೆ ಇಳಿದರು. ಎಂಟು ವರ್ಷದ ಯುದ್ಧ ಅವರಿಗೆ ಕಲಿಸಿದ್ದೇ ಅದು: ವಿಮಾನ ಬಂದರೆ ಕೆಳಗೆ ಹೋಗು.

ಆಮೇಲೆ ಬಿದ್ದ ಬಾಂಬುಗಳ ಸದ್ದೇ ಬೇರೆ ಇತ್ತು ಅಂತ ಬದುಕುಳಿದವರು ಹೇಳಿದ್ದಾರೆ. ದೊಡ್ಡ ಸ್ಫೋಟ ಇಲ್ಲ, ಮಂದ ಸದ್ದು, ಹಿಂದೆಯೇ ಒಂದು ವಾಸನೆ. ಒಬ್ಬರಿಗೆ ಕೊಳೆತ ಕಸದ ವಾಸನೆ ಬಂತು, ಒಬ್ಬರಿಗೆ ಬೆಳ್ಳುಳ್ಳಿ, ಇನ್ನೊಬ್ಬರಿಗೆ ಸಿಹಿ ಸೇಬು. ಮತ್ತೆ ಮತ್ತೆ ಬರುವ ಮಾತು ಆ ಸೇಬಿನ ವಾಸನೆಯದು. ಮಸ್ಟರ್ಡ್ ಅನಿಲ, ಜೊತೆಗೆ ಸರಿನ್, ಟಬುನ್ ಥರದ ನರಗಳಿಗೆ ಹೊಡೆಯುವ ವಿಷಗಳು ಬಿದ್ದಿದ್ದವು. ಗಾಳಿಯ ಸರಾಸರಿ ಅಣುತೂಕ 29. ಸರಿನ್‌ದು 140, ಮಸ್ಟರ್ಡ್‌ದು 159. ಫಸ್ಟ್ ಸೆಮ್‌ನವರೂ ಹೇಳಬಹುದು ಅದು ಎಲ್ಲಿಗೆ ಇಳಿಯುತ್ತೆ ಅಂತ. ಕಿಟಕಿ ಗಾಜು ಆಗಲೇ ಹೋಗಿದೆ, ಜನ ನೆಲಮಾಳಿಗೆಯಲ್ಲಿದ್ದಾರೆ. ಅವರ ಎಂಟು ವರ್ಷದ ಅನುಭವವನ್ನೇ ಅವರ ವಿರುದ್ಧ ತಿರುಗಿಸಿದ ಹಾಗಾಯಿತು.

ಮೇಲೆ ಬಂದವರು ಮೊದಲು ಕಂಡದ್ದು ಬಿದ್ದಿದ್ದ ಹಕ್ಕಿ, ಆಡು, ದನ. ಆಮೇಲೆ ಮನುಷ್ಯರು. ಕೆಲವರು ಹುಚ್ಚು ಹಿಡಿದಂತೆ ನಗುತ್ತಾ ನಗುತ್ತಾ ಕುಸಿದರಂತೆ. ಕಣ್ಣು ಉರಿದು ಕುರುಡಾದವರನ್ನು ಕಾಣುವವರು ನಡೆಸಿಕೊಂಡು ಇರಾನ್ ಗಡಿಯ ಕಡೆ ಹೊರಟರು. ಕೆಸರು, ಚಳಿ, ಬೆಟ್ಟದ ದಾರಿ, ಎಷ್ಟೋ ಜನರಿಗೆ ಕಾಲಿಗೆ ಚಪ್ಪಲಿಯಿಲ್ಲ. ಗಡಿಯಲ್ಲಿ ಇರಾನಿ ಡಾಕ್ಟರರು ಅಟ್ರೋಪಿನ್ ಚುಚ್ಚಿದರು. ಸತ್ತವರು 3,200ರಿಂದ 5,000 ಅಂತ ಅಂದಾಜು, ಗಾಯಗೊಂಡವರು 7,000ದಿಂದ 10,000. ಹೆಚ್ಚುಕಡಿಮೆ ಎಲ್ಲರೂ ಸಾಮಾನ್ಯ ಜನ. ಒಮರ್ ಖಾವರ್ ಅನ್ನುವ ತಂದೆ ಮಗುವನ್ನು ಅವುಚಿಕೊಂಡು ಮನೆ ಮುಂದೆ ಬಿದ್ದಿರುವ ಫೋಟೊ ನೀವು ನೋಡಿರಬಹುದು. ನೋಡದಿದ್ದರೆ ಹುಡುಕಬೇಡಿ ಅಂತ ಹೇಳಲ್ಲ, ಆದರೆ ಊಟಕ್ಕೆ ಮುಂಚೆ ಬೇಡ.

ಇಷ್ಟು ಪುಸ್ತಕಗಳಲ್ಲಿ ಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ನಂತರದ್ದು. ಆ ಗಲಾಟೆಯಲ್ಲಿ ಎಷ್ಟೋ ಮಕ್ಕಳು ತಾಯಂದಿರ ಕೈ ತಪ್ಪಿದರು. ಅವರಲ್ಲಿ ಕೆಲವರು ಇರಾನಿನಲ್ಲಿ ಬೇರೆಯವರ ಮನೆಯಲ್ಲಿ, ಬೇರೆ ಹೆಸರಿನಲ್ಲಿ, ಬೇರೆ ಭಾಷೆಯಲ್ಲಿ ಬೆಳೆದರು. ಒಬ್ಬ ಹುಡುಗ 21 ವರ್ಷ ಕಳೆದ ಮೇಲೆ, 2009ರಲ್ಲಿ, ಹಲಬ್ಜಾಕ್ಕೆ ವಾಪಸ್ ಬಂದ. ಮಕ್ಕಳನ್ನು ಕಳೆದುಕೊಂಡ ಹಲವು ಕುಟುಂಬಗಳು ಡಿಎನ್‌ಎ ಫಲಿತಾಂಶಕ್ಕಾಗಿ ಕಾದಿದ್ದವು. ಒಬ್ಬ ತಾಯಿಗೆ ಮಗ ಸಿಕ್ಕ. ಉಳಿದವರು ಮನೆಗೆ ಹೋದರು. ಆ ಉಳಿದವರ ಆ ಸಂಜೆ ಹೇಗಿತ್ತು ಅಂತ ನಾನು ಆಗಾಗ ಯೋಚಿಸ್ತೀನಿ.

ಮಸ್ಟರ್ಡ್ ಅನಿಲ ಒಂದೇ ದಿನಕ್ಕೆ ಮುಗಿಯುವ ವಸ್ತುವಲ್ಲ. ಶ್ವಾಸಕೋಶದ ಸಣ್ಣ ನಾಳಗಳು ವರ್ಷಗಟ್ಟಲೆ ಕಿರಿದಾಗುತ್ತಾ ಹೋಗುತ್ತವೆ, ಕಣ್ಣಿನ ಕಾರ್ನಿಯಾ ಹತ್ತಿಪ್ಪತ್ತು ವರ್ಷ ಬಿಟ್ಟು ಕೂಡ ಕೆಡುತ್ತದೆ. ಹಲಬ್ಜಾಕ್ಕಿಂತ ಮುಂಚೆ, 1987ರ ಜೂನ್ 28ರಂದು, ಇರಾನಿನ ಗಡಿಯೊಳಗಿನ ಸರ್ದಷ್ತ್ ಅನ್ನೋ ಕುರ್ದ್ ಪಟ್ಟಣದ ಮೇಲೂ ಇದೇ ಮಸ್ಟರ್ಡ್ ಬಾಂಬು ಬಿದ್ದಿತ್ತು. ಅಲ್ಲಿ ಆವತ್ತು ಶಾಲೆಗೆ ಹೋಗುತ್ತಿದ್ದ ಮಕ್ಕಳಿಗೆ ಈಗ ನಮ್ಮ ಅಪ್ಪ-ಅಮ್ಮನ ವಯಸ್ಸು. ಅವರಲ್ಲಿ ಕೆಲವರಿಗೆ ಮೆಟ್ಟಿಲು ಹತ್ತೋದೂ ಕಷ್ಟ.

ಇನ್ನು ನಂಬಿಕೆಯ ಪ್ರಶ್ನೆ. ಹಲಬ್ಜಾ ಆದ ಕೂಡಲೇ ಅಮೆರಿಕದ ವಿದೇಶಾಂಗ ಇಲಾಖೆ 'ಇರಾನ್ ಕೂಡ ಹಾಕಿರಬಹುದು' ಅನ್ನೋ ಮಾತು ತೇಲಿಬಿಟ್ಟಿತು. ಅದಕ್ಕಿಂತ ಒಂದು ವರ್ಷ ಮುಂಚೆ, 1987ರ ಏಪ್ರಿಲ್ 16ರಂದು, ಬಾಲಿಸಾನ್ ಕಣಿವೆಯ ಹಳ್ಳಿಗಳ ಮೇಲೆ ವಿಷ ಬಿದ್ದಾಗ, ಗಾಯಗೊಂಡವರು ಚಿಕಿತ್ಸೆಗೆ ಅಂತ ಎರ್ಬಿಲ್ ಆಸ್ಪತ್ರೆಗೆ ಹೋದರು. ಭದ್ರತಾ ಪಡೆಯವರು ಅಲ್ಲಿಂದಲೇ ಅವರನ್ನು ಎತ್ತಿಕೊಂಡು ಹೋದರು. ಗಂಡಸರು ತಿರುಗಿ ಬರಲಿಲ್ಲ. ಬದುಕುಳಿದವನು ಅಂದ್ರೆ ಸಾಕ್ಷಿ. ಸಾಕ್ಷಿಯನ್ನು ಅಳಿಸಬೇಕಿತ್ತು.

ಈಗ ಕೆಮಿಕಲ್ ಬ್ರಾಂಚಿನವರು ಸ್ವಲ್ಪ ಕಿವಿ ಕೊಡ್ರಿ. ಹಲಬ್ಜಾದ ಐದು ತಿಂಗಳ ನಂತರ, 1988ರ ಆಗಸ್ಟ್ 25ರಂದು, ಬಿರ್ಜಿನ್ನಿ ಅನ್ನೋ ಸಣ್ಣ ಹಳ್ಳಿಯ ಮೇಲೆ ಬಾಂಬು ಬಿತ್ತು. ಹಳ್ಳಿಯವರು ಓಡಿಹೋದರು, ಹಳ್ಳಿಯನ್ನು ಸೈನ್ಯ ನೆಲಸಮ ಮಾಡಿತು. ನಾಲ್ಕು ವರ್ಷ ಆದಮೇಲೆ, 1992ರ ಜೂನ್‌ನಲ್ಲಿ, ಮಾನವ ಹಕ್ಕು ಸಂಸ್ಥೆಗಳ ವೈದ್ಯರು, ವಿಜ್ಞಾನಿಗಳು ಅಲ್ಲಿಗೆ ಹೋದರು. ಎಲ್ಲಿ ಅಗೆಯಬೇಕು ಅಂತ ಅವರಿಗೆ ಹೇಳಿದ್ದು ಉಪಗ್ರಹ ಅಲ್ಲ, ಬದುಕುಳಿದವರು. ವಿಮಾನ ಯಾವ ಕಡೆಯಿಂದ ಬಂತು, ಬಾಂಬು ಎಲ್ಲೆಲ್ಲಿ ಬಿತ್ತು, ಹೊಗೆಯ ಬಣ್ಣ ಹೇಗಿತ್ತು, ಯಾರು ಎಲ್ಲಿ ಸತ್ತರು. ಅವರು ತೋರಿಸಿದ ಗುಂಡಿಗಳ ಮಣ್ಣನ್ನು ಬ್ರಿಟನ್ನಿನ ಪೋರ್ಟನ್ ಡೌನ್ ಲ್ಯಾಬಿಗೆ ಕಳಿಸಿದರು. ಮಸ್ಟರ್ಡ್ ಸಿಕ್ಕಿತು. ಜೊತೆಗೆ ಐಸೊಪ್ರೊಪಿಲ್ ಮೀಥೈಲ್‌ಫಾಸ್ಫೋನಿಕ್ ಆಮ್ಲ ಸಿಕ್ಕಿತು. ಸರಿನ್ ನೀರಿನೊಂದಿಗೆ ಸೇರಿ ಒಡೆದಾಗ ಉಳಿಯುವ ವಸ್ತು ಅದು, ಪ್ರಕೃತಿಯಲ್ಲಿ ತಾನಾಗಿ ಹುಟ್ಟುವಂಥದ್ದಲ್ಲ. ನಾಲ್ಕು ಚಳಿಗಾಲ, ನಾಲ್ಕು ಮಳೆಗಾಲ ದಾಟಿದ ಮಣ್ಣಿನಲ್ಲಿ ಸರಿನ್‌ನ ಗುರುತು ಸಿಕ್ಕಿತು. ಓದು ಬರಹ ಹೆಚ್ಚು ಬಾರದ ರೈತರ ನೆನಪು ಗ್ಯಾಸ್ ಕ್ರೊಮಟೊಗ್ರಫಿಗಿಂತ ನಾಲ್ಕು ವರ್ಷ ಮುಂದಿತ್ತು. ಮಷೀನು ಅದಕ್ಕೆ ಸಹಿ ಹಾಕಿತು, ಅಷ್ಟೇ.

ಈ ಬಿರ್ಜಿನ್ನಿಯ ಕ್ರಮವನ್ನು ತಲೆಯಲ್ಲಿಟ್ಟುಕೊಂಡು ಪಡ್ರೆಗೆ ಬನ್ನಿ. ಕೇರಳದ ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯಿತಿ, ಪಡ್ರೆ ಗ್ರಾಮ. ಅಲ್ಲೊಂದು ಊರಿನ ಹೆಸರೇ ಸ್ವರ್ಗ. ಗುಡ್ಡದ ತಲೆಯ ಮೇಲೆ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೋಡಂಬಿ ತೋಟ, ಗುಡ್ಡದ ಬುಡದಲ್ಲಿ ಮನೆ, ಅಡಿಕೆ ತೋಟ, ತೊರೆ. ಕುಡಿಯೋ ನೀರಿಗೆ ಅಲ್ಲಿ ಬಾವಿಯ ಜೊತೆ 'ಸುರಂಗ' ಅಂತ ಇರುತ್ತೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಕೊರೆದ ಗವಿ, ನೀರು ಪಂಪಿಲ್ಲದೆ ತಾನೇ ಹರಿದು ಬರುತ್ತೆ. ಸಿವಿಲ್‌ನವರು ಒಮ್ಮೆ ಹೋಗಿ ನೋಡಬೇಕು.

ಗೋಡಂಬಿಗೆ ಟೀ ಸೊಳ್ಳೆ ಅನ್ನುವ ಕೀಟದ ಕಾಟ. 1970ರ ದಶಕದ ಕೊನೆಯಿಂದ 2000ದ ವರೆಗೆ, ವರ್ಷಕ್ಕೆ ಎರಡು-ಮೂರು ಸಲ, ಸಾವಿರಾರು ಹೆಕ್ಟೇರ್ ತೋಟದ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಹೆಲಿಕಾಪ್ಟರ್ ಬಂದ ದಿನ ಮಕ್ಕಳು ಹೊರಗೆ ಓಡಿ ಬಂದು ಕೈ ಬೀಸುತ್ತಿದ್ದರು. ನಾವೂ ಅದನ್ನೇ ಮಾಡ್ತಿದ್ವಿ. ಜನ ಅದನ್ನು ಕರೆಯುತ್ತಿದ್ದದ್ದು 'ಮದ್ದು' ಅಂತ. ನಾವು 'ಔಷಧ' ಅಂತೀವಲ್ಲ, ಹಂಗೇ. ಕಾಯಿಲೆ ವಾಸಿ ಮಾಡೋ ಹೆಸರು ಇಟ್ಟ ಮೇಲೆ ಯಾರಿಗೆ ಭಯ ಬರುತ್ತೆ?

ನಿಯಮ ಇತ್ತು. ಮರದ ತಲೆಯಿಂದ ಎರಡು-ಮೂರು ಮೀಟರ್ ಎತ್ತರದಲ್ಲೇ ಹಾರಬೇಕು, ನೀರಿನ ಮೂಲಗಳನ್ನು ಮುಚ್ಚಬೇಕು. ಏರುಪೇರಿನ ಗುಡ್ಡದ ಮೇಲೆ ಹೆಲಿಕಾಪ್ಟರ್ ಹಾಗೆ ಹಾರೋಕೆ ಆಗುತ್ತಾ? ತೊರೆಯನ್ನು ಯಾವ ತಾಡಪತ್ರಿಯಿಂದ ಮುಚ್ಚೋದು? 'ಎತ್ತರ' ಅಂದ್ರೆ ಯಾವುದರಿಂದ ಎತ್ತರ ಅನ್ನೋದು ಸರ್ವೇಯಿಂಗ್ ಮೊದಲ ಕ್ಲಾಸಿನ ಪ್ರಶ್ನೆ. ಗುಡ್ಡದ ತಲೆಯ ಮರಕ್ಕೆ ಮೂರು ಮೀಟರ್ ಇದ್ದದ್ದು ಬುಡದ ಮನೆಯ ಅಂಗಳಕ್ಕೆ ಎಷ್ಟಾಗುತ್ತೆ ಲೆಕ್ಕ ಹಾಕಿ.

ಇಲ್ಲೂ ಮೊದಲು ಹೇಳಿದ್ದು ಪ್ರಾಣಿಗಳು. ಜೇನು ಸತ್ತವು, ತೊರೆಯ ಮೀನು, ಕಪ್ಪೆ ಸತ್ತವು. ಹೆಲಿಕಾಪ್ಟರ್ ಬರಲು ಶುರುವಾಗಿ ಕೆಲವೇ ವರ್ಷಕ್ಕೆ ಕಾಲು ಸೊಟ್ಟಗಿರುವ ಕರುಗಳು ಹುಟ್ಟಿದವು. ಅದನ್ನು ಬರೆದವರು ಅದೇ ಊರಿನ ಕೃಷಿಕ-ಪತ್ರಕರ್ತ ಶ್ರೀಪಡ್ರೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವವರ ಕಾಯಿಲೆಗಳನ್ನು ಬರೆದಿಡುತ್ತಾ ಹೋದರು. ಮೂರ್ಛೆರೋಗ, ಬುದ್ಧಿಮಾಂದ್ಯ, ದೊಡ್ಡ ತಲೆಯ ಮಕ್ಕಳು, ಕ್ಯಾನ್ಸರ್. ಆ ಮನೆಗಳು ಒಂದೇ ತೊರೆಯ ಆಸುಪಾಸಿನಲ್ಲಿರೋದು ಅವರ ಗಮನಕ್ಕೆ ಬಂತು. ಅದಕ್ಕಿಂತ ದಕ್ಷಿಣಕ್ಕೆ, ಪೆರಿಯದಲ್ಲಿ, ಲೀಲಾಕುಮಾರಿ ಅಮ್ಮ ಅನ್ನೋ ಕೃಷಿ ಇಲಾಖೆಯ ನೌಕರರು 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ಕೀಟನಾಶಕ ಶಿಫಾರಸು ಮಾಡೋ ಇಲಾಖೆಯ ಒಳಗಿನವರೇ ಕೋರ್ಟ್ ಮೆಟ್ಟಿಲು ಹತ್ತಿದ್ದು, ಇದನ್ನು ನೆನಪಿಡಿ. (ಈ ಹೊಸದುರ್ಗ ಕಾಞಂಗಾಡಿನದು, ಚಿತ್ರದುರ್ಗ ಜಿಲ್ಲೆಯದಲ್ಲ.)

ಲ್ಯಾಬು ಬಂದದ್ದು ಆಮೇಲೆ. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಹಾಲಿನಲ್ಲಿ ಎಂಡೋಸಲ್ಫಾನ್ ಅಂಶ ಇದೆ ಅಂದಿತು. ಅದೇ ವರ್ಷ ಕಾರ್ಪೊರೇಶನ್ ತಾನೇ ಮಾಡಿಸಿದ ಇನ್ನೊಂದು ಪರೀಕ್ಷೆ ಇಲ್ಲ ಅಂದಿತು. ಸಮಿತಿಯ ಮೇಲೆ ಸಮಿತಿ ಬಂತು. ಯಾವ ಕಾಯಿಲೆಗೆ ಎಂಡೋಸಲ್ಫಾನ್ ಎಷ್ಟು ಕಾರಣ ಅನ್ನೋ ವಾದ ಇವತ್ತಿಗೂ ವಿಜ್ಞಾನಿಗಳ ನಡುವೆ ಇದೆ, ಇರಲಿ. ಒಂದೊಂದು ಮಗುವಿನ ವಿಷಯದಲ್ಲಿ ಕಾರಣ ಇಂಥದ್ದೇ ಅಂತ ಬೆರಳಿಟ್ಟು ತೋರಿಸೋದು ಖರೇನೇ ಕಷ್ಟ. ಆದರೆ ಯಾಕೆ ಕಷ್ಟ ಆಯಿತು ನೋಡ್ರಿ. ಇಪ್ಪತ್ತು ವರ್ಷಕ್ಕೂ ಮೇಲೆ ಸಿಂಪಡಿಸಿದವರು ಒಂದು ವರ್ಷವೂ ಕೆಳಗಿನ ಬಾವಿಯ ನೀರು ಅಳೆದು ಸಾರ್ವಜನಿಕವಾಗಿ ಇಡಲಿಲ್ಲ. ಅಳತೆಯೇ ಮಾಡದೆ ಕೊನೆಗೆ 'ಅಳತೆ ತೋರಿಸಿ' ಅಂತ ತಾಯಂದಿರನ್ನು ಕೇಳೋದು ಯಾವ ನ್ಯಾಯ?

2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು. 2017ರ ಜನವರಿ 10ರಂದು ಅದೇ ಕೋರ್ಟ್, 5,000ಕ್ಕೂ ಹೆಚ್ಚು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು. ಮೂರು ತಿಂಗಳು ಐದು ವರ್ಷ ಆಯಿತು. 2022ರಲ್ಲಿ ಕೋರ್ಟ್ ಮತ್ತೆ ಗದರಬೇಕಾಯಿತು. ನಡುವೆ 2019ರಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಉಪವಾಸ ಕೂತರು. ಪಟ್ಟಿಯಲ್ಲಿ ಹೆಸರು ಸೇರಿಸಿ ಅನ್ನೋದೇ ಬೇಡಿಕೆ. ಹಲಬ್ಜಾದಲ್ಲೂ ಹೀಗೇ. 2003ರಲ್ಲಿ ಅಲ್ಲಿ ದೊಡ್ಡ ಸ್ಮಾರಕ ಕಟ್ಟಿದರು, ಪ್ರತಿ ವರ್ಷ ನಾಯಕರು ಬಂದು ಹೂ ಇಟ್ಟು ಹೋಗುತ್ತಿದ್ದರು. ಊರಿಗೆ ರಸ್ತೆ ಇಲ್ಲ, ನೀರು ಇಲ್ಲ, ಆಸ್ಪತ್ರೆ ಇಲ್ಲ. 2006ರ ಮಾರ್ಚ್ 16ರಂದು ಹಲಬ್ಜಾದ ಜನರೇ ಆ ಸ್ಮಾರಕಕ್ಕೆ ಬೆಂಕಿ ಹಚ್ಚಿದರು. ಗುಂಡೇಟಿಗೆ ಒಬ್ಬ ಹುಡುಗ ಸತ್ತ.

ಇದು ಕೇರಳದ್ದು ಅಂತ ಕೈ ತೊಳೆದುಕೊಳ್ಳೋ ಹಾಗೂ ಇಲ್ಲ. ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ದಕ್ಷಿಣ ಕನ್ನಡದಲ್ಲಿ ಹೆಲಿಕಾಪ್ಟರ್ ಹಾರಿಸಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆ ಹೋದರೆ ನಮಗಿಂತ ದೊಡ್ಡವರಾಗಿ ಇನ್ನೂ ತೊಟ್ಟಿಲಿನ ಮಗುವಿನಂತೆ ಮಲಗಿರುವವರು ಇದ್ದಾರೆ. ಅವರ ತಾಯಂದಿರಿಗೆ ಅರವತ್ತು, ಎಪ್ಪತ್ತು. 'ನನ್ನ ನಂತರ ಯಾರು' ಅನ್ನೋದೊಂದೇ ಅವರ ಪ್ರಶ್ನೆ. ಖಾನಾಪುರದ ಗಡಿಗೆ ಅಂಟಿಕೊಂಡ ಉತ್ತರ ಕನ್ನಡ ಜಿಲ್ಲೆಯಲ್ಲೂ ಗುರುತಿಸಲಾದ ಸಂತ್ರಸ್ತರಿದ್ದಾರೆ.

ಹಲಬ್ಜಾ ಮತ್ತು ಪಡ್ರೆ ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಒಂದು ಕಡೆ ಕೊಲ್ಲಬೇಕು ಅಂತಲೇ ಹಾಕಿದರು. ಅದು 1988ರ ಅನ್ಫಾಲ್ ಅನ್ನೋ ಕುರ್ದ್ ವಿನಾಶದ ಹೊತ್ತು, ಅದನ್ನು ನಡೆಸಿದ ಅಲಿ ಹಸನ್ ಅಲ್-ಮಜೀದ್‌ಗೆ 2010ರ ಜನವರಿಯಲ್ಲಿ ಗಲ್ಲಾಯಿತು. ಇನ್ನೊಂದು ಕಡೆ ಕೀಟ ಕೊಲ್ಲಲು ಹೊರಟವರು ಮನುಷ್ಯರನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಉದ್ದೇಶ ಬೇರೆ, ಅಪರಾಧ ಬೇರೆ. ಇದನ್ನು ಕಲಸಿದರೆ ಎರಡು ಕಡೆಯವರಿಗೂ ಅನ್ಯಾಯ.

ಆದರೆ ರಸಾಯನಶಾಸ್ತ್ರದ ದಾರಿಯಲ್ಲಿ ಇವೆರಡೂ ಅಷ್ಟೇನೂ ದೂರದ ನೆಂಟರಲ್ಲ. 1936ರಲ್ಲಿ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಹುಡುಕುತ್ತಿದ್ದದ್ದು ಒಳ್ಳೆ ಕೀಟನಾಶಕವನ್ನು, ಸಿಕ್ಕಿದ್ದು ಟಬುನ್. ಎರಡು ವರ್ಷಕ್ಕೆ ಸರಿನ್. ಯುದ್ಧ ಮುಗಿದ ಮೇಲೆ ಆ ಕಂಪನಿಯನ್ನು ಒಡೆದಾಗ ಹುಟ್ಟಿದ ಕಂಪನಿಗಳಲ್ಲಿ ಒಂದು ಹೆಕ್ಸ್ಟ್. 1950ರ ದಶಕದಲ್ಲಿ ಎಂಡೋಸಲ್ಫಾನ್ ತಯಾರಿಸಿದ್ದು ಅದೇ. ಇನ್ನೊಂದು ಉದಾ. ಥಯೊಡೈಗ್ಲೈಕಾಲ್ ಬಟ್ಟೆಯ ಬಣ್ಣಕ್ಕೂ ಬೇಕು, ಮಸ್ಟರ್ಡ್ ಅನಿಲಕ್ಕೂ ಬೇಕು. ಫ್ರಾನ್ಸ್ ವಾನ್ ಆನ್ರಾಟ್ ಅನ್ನೋ ಡಚ್ ವ್ಯಾಪಾರಿ ಅದನ್ನು ಸಾವಿರ ಟನ್‌ಗೂ ಹೆಚ್ಚು ಸದ್ದಾಂ ಸರ್ಕಾರಕ್ಕೆ ಸಾಗಿಸಿದ. ಜವಳಿಗೆ ಅಂದುಕೊಂಡಿದ್ದೆ ಅಂದ. 2005ರ ಡಿಸೆಂಬರ್‌ನಲ್ಲಿ ಹೇಗ್‌ನ ಕೋರ್ಟ್ ಅದನ್ನು ನಂಬಲಿಲ್ಲ. ಯುದ್ಧಾಪರಾಧಕ್ಕೆ ನೆರವಾದ ಅಂತ 15 ವರ್ಷ ಹಾಕಿತು, ಮೇಲ್ಮನವಿಯಲ್ಲಿ ಶಿಕ್ಷೆ ಇನ್ನೂ ಹೆಚ್ಚಾಯಿತು. ಇರಾಕ್, ಇರಾನಿನ ಸಂತ್ರಸ್ತರು ಆ ಮೊಕದ್ದಮೆಯಲ್ಲಿ ಕಕ್ಷಿದಾರರಾಗಿದ್ದರು. 'ನಾನು ಬರೀ ಸಪ್ಲೈ ಮಾಡಿದೆ', 'ನಾನು ಬರೀ ನಾಝಲ್ ಡಿಸೈನ್ ಮಾಡಿದೆ', ಈ ಥರದ ವಾಕ್ಯ ನಮ್ಮ ಬಾಯಿಗೆ ಬರುವ ವಯಸ್ಸು ನಮಗೂ ದೂರ ಇಲ್ಲ.

ಈಗ ನಮ್ಮ ಡ್ರೋನ್‌ಗೆ ಬರೋಣ. 100 ಮೈಕ್ರಾನ್ ಹನಿ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 0.27 ಮೀಟರ್ ಇಳಿಯುತ್ತೆ. ಡ್ರೋನ್ ಮೂರು ಮೀಟರ್ ಎತ್ತರದಲ್ಲಿದ್ದರೆ ನೆಲ ಮುಟ್ಟೋಕೆ 11 ಸೆಕೆಂಡು. ಗಾಳಿ ಸೆಕೆಂಡಿಗೆ ಮೂರು ಮೀಟರ್ ಬೀಸಿದರೆ ಹನಿ 33 ಮೀಟರ್ ಆಚೆ. 50 ಮೈಕ್ರಾನ್ ಹನಿಯಾದರೆ 120 ಮೀಟರ್. ಅದೇ 100 ಮೈಕ್ರಾನ್ ಹನಿ 20 ಮೀಟರ್ ಎತ್ತರದ ಹೆಲಿಕಾಪ್ಟರ್‌ನಿಂದ ಬಿದ್ದರೆ 220 ಮೀಟರ್. ರೋಟರ್ ಕೆಳಕ್ಕೆ ತಳ್ಳೋ ಗಾಳಿ, ಹನಿ ಆವಿಯಾಗೋದು ಎರಡನ್ನೂ ಬಿಟ್ಟ ಕಚ್ಚಾ ಲೆಕ್ಕ ಇದು, ಆದರೂ ಚಿತ್ರ ಸಿಗುತ್ತೆ. ಹೆಲಿಕಾಪ್ಟರ್‌ಗಿಂತ ಡ್ರೋನ್ ಎಷ್ಟೋ ಪಾಲು ಮೇಲು, ಖರೆ. ಆದರೆ ನಮ್ಮ ಖಾನಾಪುರದ ಗದ್ದೆಗಳು ಎಷ್ಟು ಅಗಲ? ಎಷ್ಟೋ ಕಡೆ 33 ಮೀಟರ್‌ನಲ್ಲಿ ಪಕ್ಕದವರ ಬದು, ಅವರ ಬಾವಿ, ಅವರ ಎಮ್ಮೆ ಕಟ್ಟುವ ಜಾಗ ಎಲ್ಲಾ ಬಂತು. ಹಳ್ಳದ ನೀರು ಮಲಪ್ರಭೆಗೆ, ಮಲಪ್ರಭೆ ನವಿಲುತೀರ್ಥಕ್ಕೆ, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ನಲ್ಲಿಗೆ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಸಿಂಪಡಿಸುವ ಯಾವುದೇ ಪ್ರಾಜೆಕ್ಟಿನ ರಿಪೋರ್ಟಿನಲ್ಲಿ ಒಂದು ಅಧ್ಯಾಯ ಕೆಳಗೆ ಇರುವವರ ಮಾತಿಗೆ ಕಡ್ಡಾಯ ಆಗಬೇಕು. ಗಾಳಿ ಸಂಜೆ ಯಾವ ಕಡೆ ತಿರುಗುತ್ತೆ, ಯಾರ ಮನೆಯಲ್ಲಿ ಬಸುರಿ ಇದ್ದಾರೆ, ಜೇನುಪೆಟ್ಟಿಗೆ ಯಾರದು, ಹೋದ ಸಲ ಎಣ್ಣಿ ಹೊಡೆದಾಗ ಯಾರಿಗೆ ವಾಂತಿ ಆಯಿತು, ವಾಸನೆ ಹೆಂಗಿತ್ತು. ಇದು ಸಿಗೋದು ಊರಿನವರ ಹತ್ತಿರ ಮಾತ್ರ. ನನ್ನ ಇಬ್ಬರು ಗೆಳೆಯರು ಇದನ್ನು ಕೇಳಿ 'ಇದಕ್ಕೆ ಮಾರ್ಕ್ಸ್ ಯಾರು ಕೊಡ್ತಾರಪಾ' ಅಂದರು. ಪ್ರಶ್ನೆ ಸರಿ ಇದೆ, ಅದಕ್ಕೇ ಕಡ್ಡಾಯ ಮಾಡಿ ಅಂತಿರೋದು. ಎನ್ವಿರಾನ್‌ಮೆಂಟಲ್ ಸ್ಟಡೀಸ್‌ನಲ್ಲಿ ಓಝೋನ್ ಪದರದ ವ್ಯಾಖ್ಯೆ ಬಾಯಿಪಾಠ ಮಾಡೋ ಬದಲು ಬಿರ್ಜಿನ್ನಿಯ ಮಣ್ಣು, ಪಡ್ರೆಯ ತೊರೆ ಇವೆರಡನ್ನು ಒಂದೊಂದು ಗಂಟೆ ಪಾಠ ಮಾಡಿದರೂ ಸಾಕು.

ಕನ್ನಡ ಬಳಗದ ಪತ್ರಿಕೆಯಲ್ಲಿ ಹೇಳ್ತಿದ್ದೀನಿ, ಬೈಬ್ಯಾಡ್ರಿ: ಜಾಂಬೋಟಿ, ಕಣಕುಂಬಿ ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗಳನ್ನು ಮರಾಠಿಯಲ್ಲೂ ಕೇಳಬೇಕಾಗುತ್ತೆ. ಅಜ್ಜಿಗೆ ಅರ್ಥ ಆಗೋ ಭಾಷೆಯಲ್ಲಿ 'ನಾಳೆ ಬೆಳಿಗ್ಗೆ ಏಳಕ್ಕೆ ಸಿಂಪಡಿಸ್ತೀವಿ, ಬಾವಿ ಮುಚ್ಚಿ' ಅಂತ ಹೇಳದಿದ್ದರೆ ನಿಯಮಾವಳಿ ಯಾವ ಭಾಷೆಯಲ್ಲಿದ್ದರೂ ಒಂದೇ.

ನೀರು ತಾಗಿದರೆ ಹಳದಿಯಿಂದ ನೀಲಿಗೆ ತಿರುಗುವ ಕಾಗದ ಇದೆ, ಹನಿ ಎಲ್ಲಿ ಎಷ್ಟು ಬಿತ್ತು ಅಂತ ನೋಡೋಕೆ ಎಲ್ಲ ಟೀಮುಗಳೂ ಅದನ್ನೇ ಬಳಸ್ತೀವಿ. ಇಲ್ಲಿವರೆಗೆ ಎಲ್ಲರೂ ಅದನ್ನು ಬೆಳೆಯ ಸಾಲಿನಲ್ಲಿ ಮಾತ್ರ ಇಟ್ಟಿದ್ದಾರೆ. ನಮ್ಮ ಟೀಮು ಮೊದಲ ಹಾರಾಟಕ್ಕೆ ಔಷಧ ಹಾಕದೆ ಬರೀ ನೀರು ತುಂಬಲಿದೆ. ಕಾಗದದ ಒಂದು ಕಂತೆ ಕಾಕಾನ ಗದ್ದೆಯೊಳಗೆ, ಇನ್ನೊಂದು ಬದುವಿನಾಚೆ: ಪಕ್ಕದ ಮನೆಯ ಬಾವಿಕಟ್ಟೆ, ಅಂಗನವಾಡಿ ಗೋಡೆ, ಹಳ್ಳದ ದಂಡೆಯ ಕಲ್ಲು. ಎಲ್ಲಿ ಇಡಬೇಕು ಅಂತ ಊರಿನವರೇ ಹೇಳ್ತಾರೆ. ಆಚೆ ಕಡೆಯ ಕಾಗದದಲ್ಲಿ ಎಷ್ಟು ನೀಲಿ ಚುಕ್ಕೆ ಬಿದ್ದವು ಅನ್ನೋದನ್ನು ಮುಂದಿನ ಸಂಚಿಕೆಗೆ ಕೊಡ್ತೀನಿ, ಕಡಿಮೆ ಬಿದ್ದರೂ ಸರಿ, ಹೆಚ್ಚು ಬಿದ್ದರೂ ಸರಿ. ಬೇರೆ ಟೀಮಿನವರು ಯಾರಾದರೂ ಬರೋದಾದರೆ ಮೊದಲೇ ತಿಳಿಸಿ. ಖಾನಾಪುರದಿಂದ ಮುಂದೆ ಬಸ್ಸು ಕಡಿಮೆ, ಬೆಳಿಗ್ಗೆ ಬೇಗ ಹೊರಡಬೇಕು.